ಹದಿಮೂರು ಚುಕ್ಕಿಯ ಕ್ಲೋರಿನ್

ಚುಕ್ಕಿಗಳ ವಿಷಯದಲ್ಲಿ ನಾನು ಕರುಣೆಯಿಲ್ಲದವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಕ್ಲೋರಿನ್ ಅಣುವಿನ ಚುಕ್ಕಿ ಚಿತ್ರ ಬರೆಯಿರೆಂದರೆ ಮಕ್ಕಳು ಎರಡು ಪರಮಾಣುಗಳ ನಡುವೆ ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನ್ ಇಟ್ಟು ಪೆನ್ನು ಮುಚ್ಚುತ್ತಾರೆ. ಒಟ್ಟು ಹದಿನಾಲ್ಕರಲ್ಲಿ ಸುತ್ತ ಇರಬೇಕಾದ ಉಳಿದ ಹನ್ನೆರಡು ಯಾರಿಗೂ ನೆನಪಾಗುವುದಿಲ್ಲ. ಒಂದು ಚುಕ್ಕಿ ತಪ್ಪಿದರೂ ನಾನು ಅರ್ಧ ಅಂಕ ಕತ್ತರಿಸುತ್ತೇನೆ. ಮನೆಯಲ್ಲೂ ಈ ಖ್ಯಾತಿ ಇದೆ. ಊಟಕ್ಕೆ ಕೂತು ಸ್ವಲ್ಪ ಸುಮ್ಮನಾದರೆ ಹೆಂಡತಿ, "ಯಾಕ್ರೀ, ರೊಟ್ಟಿ ಮ್ಯಾಲಿನ ಚುಕ್ಕಿ ಎಣಸಾಕತ್ತೀರೇನು?" ಎನ್ನುತ್ತಾಳೆ.

ನಮ್ಮಲ್ಲಿ ತಪಾಸಣೆ ಬರುತ್ತದೆಂದರೆ ಪಾಠಕ್ಕಿಂತ ಮೊದಲು ಶೌಚಾಲಯ ಬೆಳ್ಳಗಾಗಬೇಕು. ಈ ಸಲ ಹೆಡ್‌ಮಾಸ್ತರರು, "ನೀವು ಕೆಮಿಸ್ಟ್ರಿ ಓದೀರಿ, ಅಲ್ಲೇ ನಿಂತು ಮಾಡಸ್ರಿ" ಎಂದು ನನಗೇ ವಹಿಸಿದರು. ತೊಳೆಯುವವಳು ಮಾಬೂಬಿ, ನಮ್ಮ ಶಾಲೆಯ ಹಳೆಯ ಆಯಾ. ಒಂದು ಕೈಯಲ್ಲಿ ಆಸಿಡ್ ಬಾಟ್ಲಿ, ಇನ್ನೊಂದರಲ್ಲಿ ಬ್ಲೀಚಿಂಗ್ ಪುಡಿ ಹಿಡಿದು ಬಂದು ಕೇಳಿದಳು:

"ಸರ್, ಯಾವ್ದು ಹಾಕ್ಲಿರೀ? ಕಲೆ ಭಾಳ ಜಿದ್ದಿ ಅದಾವ."

"ಎರಡೂ ಕೂಡೇ ಹಾಕಿಬಿಡವ್ವಾ, ಕಲೆ ಜಲ್ದಿ ಹೋಗ್ತಾವ."

ತಲೆಯೆತ್ತದೆ ಹೇಳಿದೆ. ಹೊರಗಿನ ವರಾಂಡದಲ್ಲಿ ಕೂತು ತಪಾಸಣೆಗೆಂದು ಚಾರ್ಟ್ ಬರೆಯುತ್ತಿದ್ದೆ. ಯಾವ ಅಣುವಿನದೆಂದು ಬೇರೆ ಹೇಳಬೇಕೇ? ಆಸಿಡ್, ಬ್ಲೀಚಿಂಗ್ ಎರಡೂ ಬೆರೆತರೆ ಹೊರಡುವ ವಿಷಗಾಳಿಯೂ ಅದೇ ಕ್ಲೋರಿನ್.

ಹನ್ನೊಂದನೆಯ ಚುಕ್ಕಿ ಇಡುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಹನ್ನೆರಡನೆಯದನ್ನು ಇಟ್ಟೆ. ಹದಿಮೂರನೆಯದಕ್ಕೆ ಬಕೆಟ್ ಉರುಳಿದ ಸದ್ದು. ಬಾಗಿಲು ದೂಡಿದರೆ ಮೂಗು ಸುಡುವ ವಾಸನೆ, ಹಳದಿ ಹಸಿರು ಮಬ್ಬು, ಅದರ ನಡುವೆ ಗೋಡೆ ಹಿಡಿದು ಕುಸಿಯುತ್ತಿದ್ದ ಮಾಬೂಬಿ. ಒದ್ದೆ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಅವಳನ್ನು ಹೊರಗೆಳೆದೆ. "ಯಾ ಅಲ್ಲಾ, ಉಸಿರು ಬರವಲ್ದು" ಎಂದಳು. ಅವಳನ್ನು ಸಿಂಧನೂರಿನ ಆಸ್ಪತ್ರೆಗೆ ಸಾಗಿಸಿದೆವು. ಆಂಬ್ಯುಲೆನ್ಸಿನಲ್ಲಿ ಅವಳ ಎದೆ ಏರಿಳಿಯುವುದನ್ನು ಎಣಿಸುತ್ತ ಕೂತೆ. ಎಣಿಸುವುದೊಂದೇ ತಾನೇ ನನಗೆ ಬರುವ ವಿದ್ಯೆ! ಈಗಲೂ ಕಣ್ಣು ಮುಚ್ಚಿದರೆ ಆ ಎಣಿಕೆ ಶುರುವಾಗುತ್ತದೆ.

ಮೂರನೆಯ ದಿನ ಮಾಬೂಬಿ ಮಾತಾಡುವಂತಾದಳು. ಹೆಡ್‌ಮಾಸ್ತರರು ಮಂಚದ ಪಕ್ಕ ನಿಂತು, "ಎರಡೂ ಕೂಡ್ಸಂತ ಯಾರು ಹೇಳಿದ್ರವ್ವಾ?" ಎಂದರು.

ಅವಳು ಆಕ್ಸಿಜನ್ ಮಾಸ್ಕ್ ಸರಿಸಿ ನನ್ನ ಮುಖ ನೋಡಿದಳು. "ಯಾರೂ ಹೇಳಿಲ್ರೀ ಸಾಹೇಬ್ರ. ನನಗಽ ಅಕಲ್ ಇರ್ಲಿಲ್ಲ."

"ನೋಡ್ರಿ ಮಾಸ್ತರ, ಓದು ಬರಹ ಇಲ್ಲದವ್ರ ಹಣೇಬರಹ!" ಎಂದರು ಹೆಡ್‌ಮಾಸ್ತರರು. ನಾನು, ಎಂಎಸ್ಸಿ ಓದಿದವನು, ಹೌದೆಂದು ತಲೆಯಾಡಿಸಿದೆ. ಅವರಿಗೆ ಇವತ್ತಿಗೂ ನಿಜ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ನೀವು ನನ್ನನ್ನು ಸಸ್ಪೆಂಡ್ ಮಾಡಲಾರಿರಿ.

ಅಂದ ಹಾಗೆ, ತಪಾಸಣೆ ಚೆನ್ನಾಗಿಯೇ ಆಯಿತಂತೆ. ಶೌಚಾಲಯ ಸ್ವಚ್ಛ, ಚಾರ್ಟ್ ಅಚ್ಚುಕಟ್ಟು ಎಂದು ತಪಾಸಣೆಗೆ ಬಂದ ಸಾಹೇಬರು ಬರೆದು ಹೋದರು. ಮಾಬೂಬಿ ಕೆಲಸಕ್ಕೆ ಮರಳಿದ್ದಾಳೆ. ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ನನ್ನನ್ನು ಕಂಡರೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಾಳೆ, ಅದನ್ನು ತಡೆದುಕೊಳ್ಳಲಾಗುವುದಿಲ್ಲ.

ನಿನ್ನೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗೋಡೆಯ ಚಾರ್ಟಿಗೆ ಬೆರಳಿಟ್ಟು ಎಣಿಸಿದಳು. "ಸರ್, ಹದಿಮೂರ ಅದಾವ್ರೀ. ಒಂದ್ ಬಿಟ್ಟೀರಿ. ಅರ್ಧ ಮಾರ್ಕ್ಸ್ ಕಟ್!" ಇಡೀ ತರಗತಿ ನಕ್ಕಿತು.

ಅರ್ಧವೇ ಏಕಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ಸ್ಕೆಚ್ ಪೆನ್ನಿನ ಮಸಿ ಮುಗಿದಿತ್ತು ಎಂದೆ.