ಮಾವನ ಬಂದೂಕು ಮತ್ತು ಸರ್ಕಾರದ ಕಣ್ಣು

ಬಂದೂಕಿರುವ ಮನೆಗೆ ಸೊಸೆಯಾಗಿ ಹೋದರೆ ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಬರೀ ಭಯ. ಬಂದೂಕಿನ ಕಾಯ್ದೆ ಒಂದೊಂದು ಸಲ ಬದಲಾದಾಗಲೂ ಮಾವನ ನಿದ್ದೆ ಕೆಡುವುದು, ನಾನೂ ಅತ್ತೆಯೂ ಸೆರಗು ಬಾಯಿಗಿಟ್ಟು ನಗುವುದು, ಇದೇ ಆಯಿತು. ಆಂಧ್ರದ ಗಡಿಯೊಳಗಿರುವ ಗುಡಿಬಂಡೆ ಕಡೆಯ ನಮ್ಮ ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ಕಾಟ. ಮಾವನದು ಅವರಪ್ಪನ ಕಾಲದ, ಮದ್ದು ತುಂಬುವ ಬಂದೂಕು. ಹಂದಿ ಕೊಲ್ಲಲು ಅಲ್ಲ, ಢಂ ಅನ್ನಿಸಿ ಓಡಿಸಲು. ಅದು ಹೋದರೆ ಬೆಳೆಯೂ ಹೋದಂತೆ.

ಮೂರು ಹೋಗಿ ಎರಡು

ಒಬ್ಬರ ಹತ್ತಿರ ಮೂರು ಬಂದೂಕು ಇರಬಹುದಾಗಿತ್ತು, ಇನ್ನು ಎರಡೇ ಎಂದು ಕಾಯ್ದೆ ತಿದ್ದಿದರು. ನಾನು ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನಿನಿಂದ ಇಳಿದು ಬಂದರೆ ಮಾವ ಜಗಲಿ ಮೇಲೆ ತಲೆ ಹಿಡಿದು ಕೂತಿದ್ದರು.

"ನಿಮ್ದು ಒಂದೇ ಅಲ್ವಾ ಮಾವ, ನಿಮಗೇನು?"

"ಅದೇ ಕಣಮ್ಮ ಭಯ. ಮೂರಿದ್ದೋರಿಗೆ ಎರಡು ಉಳೀತು. ಒಂದು ಕಳದ್ರೆ ನಂಗೇನು ಉಳೀತದೆ?"

ಒಲೆ ಮುಂದಿದ್ದ ಅತ್ತೆ ಅಂದರು: "ಹಂಗಾರೆ ಇನ್ನೊಂದು ತಕ್ಕಂಡ್ ಬಾ, ಕಳಿಯಾಕೆ ಇರ್ಲಿ."

ಹಕ್ಕು ಯಾರದು

ಅಷ್ಟರಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು. ರಿನ್ಯೂವಲ್ ಆಗುವವರೆಗೆ ಬಂದೂಕು ಪೊಲೀಸ್ ಸ್ಟೇಷನ್ನಿನಲ್ಲಿರಬೇಕು ಎಂದರು. ಕೊಟ್ಟು ಬಂದ ದಿನ ಮಾವ ಉಣ್ಣಲಿಲ್ಲ. ಕೋರ್ಟಿಗೇ ಹೋಗೋಣ ಎಂದು ಮಡಕಶಿರದ ವಕೀಲರೊಬ್ಬರ ಹತ್ತಿರ ಹೋದೆವು.

"ಬಂದೂಕು ಇಟ್ಕಳೋದು ನಿಮ್ಮ ಹಕ್ಕಲ್ಲ, ಸರ್ಕಾರ ಕೊಟ್ಟ ಪರ್ಮಿಷನ್ನು ಅಷ್ಟೇ," ಎಂದರು ವಕೀಲರು.

"ಹಂಗಾರೆ ನನ್ನ ಹೊಲ ಮೇಯೋ ಹಕ್ಕು ಹಂದಿಗೈತಾ ಸ್ವಾಮಿ?"

"ಹಂದೀನ ಮುಟ್ಟಂಗಿಲ್ಲ ಅಂತ ಬೇರೆ ಕಾಯ್ದೇನೇ ಐತೆ."

ಬಸ್ಸಿನಲ್ಲಿ ಮಾವ ನಿಟ್ಟುಸಿರಿಟ್ಟರು: "ನಮಗಿಂತ ಮುಂಚೆ ಹಂದೀನೇ ಒಳ್ಳೆ ವಕೀಲರನ್ನ ಇಟ್ಕಂಡೈತೆ ಕಣಮ್ಮ."

ಆಯುಧ ಪೂಜೆ

ಹಬ್ಬ ಬಂತು, ಬಂದೂಕು ಬರಲಿಲ್ಲ. ಮಾವ ಅರಿಶಿನ, ಕುಂಕುಮ, ಬೂದುಗುಂಬಳಕಾಯಿ ಹಿಡಿದು ಸ್ಟೇಷನ್ನಿಗೇ ಹೊರಟರು. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯವರು, ಬಂದೂಕನ್ನು ಹೊರಗೆ ತರಿಸಿದರು. ಮಾವ ಧೂಳು ಒರೆಸಿ, ಕುಂಕುಮವಿಟ್ಟು, ಕುಂಬಳಕಾಯಿ ನಿವಾಳಿಸಿ ದೃಷ್ಟಿ ತೆಗೆಯತೊಡಗಿದರು.

"ಪೊಲೀಸರ ಹತ್ರ ಇರೋ ಬಂದೂಕಿಗೆ ಯಾರ ಕಣ್ಣು ಬೀಳ್ತದಜ್ಜ?"

"ಸರ್ಕಾರದ್ದೇ ಬಿದ್ದೈತಲ್ಲ ಸಾರ್!"

ತನಿಖೆ

ಕೊನೆಗೆ, ಬಂದೂಕಿನ ಅಗತ್ಯ ನಿಜವಾಗಿಯೂ ಇದೆಯೇ ಎಂದು ನೋಡಲು ಸ್ಟೇಷನ್ನಿನ ಸಾಹೇಬರು ಹೊಲಕ್ಕೆ ಬರುತ್ತಾರೆಂದು ತಿಳಿಯಿತು. ಇಲ್ಲ ಎಂದು ಬರೆದರೆ ಮುಗಿಯಿತು. ನಾನು ಫ್ಯಾಕ್ಟರಿಗೆ ರಜೆ ಹಾಕಿದೆ. ಹಂದಿ ಬರದಿರಲಿ ಎಂದು ಜೀವಮಾನವೆಲ್ಲ ಹರಕೆ ಹೊತ್ತ ಮಾವ, ಅವತ್ತು ಬರಲಿ ಎಂದು ತೆಂಗಿನಕಾಯಿ ಒಡೆದರು.

ಸಾಹೇಬರು ಬಂದು ಕಾದು ಸಂಜೆಯಾದರೂ ಹಂದಿಯ ಸುಳಿವಿಲ್ಲ. "ಎಲ್ಲಯ್ಯಾ ಹಂದಿ? ಅಗತ್ಯ ಇಲ್ಲ ಅಂತ ಬರೀತೀನಿ," ಎಂದು ಸಾಹೇಬರು ಪೆನ್ನು ತೆಗೆದರು. ಮಾವನ ಮುಖ ನೋಡಲಾರದೆ ನಾನು ಬೇಲಿ ಕಡೆ ತಿರುಗಿದೆ. ಬೇಲಿ ಅಲುಗಿತು. ಎಮ್ಮೆಕರುವಿನಷ್ಟು ದೊಡ್ಡ ಹಂದಿ, ಹಿಂದೆ ಮರಿಗಳ ದಂಡು. ನಾನೂ ಮಾವನೂ ಪಂಪ್‌ಶೆಡ್ಡಿಗೆ ನುಗ್ಗಿದೆವು. ಸಾಹೇಬರು ಹೊಂಗೆಮರ ಹತ್ತಿದ್ದನ್ನು ನಾನು ನೋಡಲಿಲ್ಲ, ನೋಡುವಷ್ಟರಲ್ಲಿ ಮೇಲಿದ್ದರು. ಅಲ್ಲಿಂದಲೇ ತೆಲುಗು, ಕನ್ನಡ ಎರಡರಲ್ಲೂ ಕೂಗಿದರು:

"ಕಾಲ್ಚಯ್ಯಾ! ಹೊಡಿ, ಹೊಡಿ!"

ಮಾವ ಶೆಡ್ಡಿನ ಬಾಗಿಲ ಸಂದಿಯಿಂದಲೇ ಕೈ ಮುಗಿದರು.

"ಬಂದೂಕ ನಿಮ್ಮ ಸ್ಟೇಷನ್ನಾಗೈತೆ ಸಾರ್. ಅಗತ್ಯ ಐತೆ ಅಂತ ಅಲ್ಲೇ ಕೂತ್ಕಂಡು ಬರೀರಿ, ನಾಳೆ ಫಸ್ಟ್ ಬಸ್ಸಿಗೆ ಹೋಗಿ ತತ್ತೀನಿ."