ಆಗ್ನೇಯ ಮೂಲೆಯ ಕಿಟಕಿ

ದಿಕ್ಕುಗಳ ಬಗ್ಗೆ ನನಗೆ ಮೊದಲಿನಿಂದಲೂ ಅಂಥ ಭಯಭಕ್ತಿ ಇಲ್ಲ. ಕುಷ್ಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ಸೂರ್ಯ ಹುಟ್ಟುವ ಕಡೆ ಪೂರ್ವ, ಮುಳುಗುವ ಕಡೆ ಪಶ್ಚಿಮ, ಉಳಿದವನ್ನೆಲ್ಲ ನಾವೇ ಅನುಕೂಲಕ್ಕೆ ಮಾಡಿಕೊಂಡಿದ್ದೇವೆ ಎಂದು ಮಕ್ಕಳಿಗೆ ಪಾಠ ಮಾಡಿ, ಬಾಗಿಲು ದಕ್ಷಿಣಕ್ಕಿದೆಯೆಂದು ಯಾರಾದರೂ ಕೊರಗಿದರೆ ಒಳಗೊಳಗೇ ನಕ್ಕು ಬದುಕಿದವಳು. ಅಂಥ ನಾನು ಇವತ್ತು ಸ್ಟಾಫ್ ರೂಮಿನಲ್ಲಿ ಯಾರೇ ಮನೆ ಕಟ್ಟಿಸುವ ಮಾತೆತ್ತಲಿ, "ಅಡಗಿಮನಿ ಮಾತ್ರ ಆಗ್ನೇಯಕ್ಕ ಇರ್ಲಿರಿ, ಭಾಳ ಛಲೋ" ಎಂದು ಗಂಭೀರವಾಗಿ ಹೇಳಿಬಿಡುತ್ತೇನೆ. ಹೆಡ್‌ಮಾಸ್ತರರು ಕನ್ನಡಕ ಇಳಿಸಿ ನನ್ನನ್ನು ನೋಡುತ್ತಾರೆ. ನನ್ನ ಈ ಮತಾಂತರಕ್ಕೆ ಯಾವ ಶಾಸ್ತ್ರಿಗಳೂ ಕಾರಣರಲ್ಲ, ನನ್ನ ಅತ್ತೆ ಕಾರಣ.

ಮದುವೆಯಾಗಿ ಬಂದಾಗಿನಿಂದ ನಾವು ಬಾಡಿಗೆ ಮನೆಯವರು. ಮಾಲೀಕರು ತಮಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡ ಮೇಲೆ ಉಳಿದ ಮೂಲೆಗೆ ಬಾಡಿಗೆದಾರರ ಅಡುಗೆಮನೆ ಎಂದು ಹೆಸರು. ಒಂದರಲ್ಲಿ ನಡುಮಧ್ಯಾಹ್ನವೂ ಬಲ್ಬು ಹಾಕಿಕೊಂಡೇ ಒಗ್ಗರಣೆ ಹಾಕಬೇಕಿತ್ತು. ಇನ್ನೊಂದು, ಹಿಂದೆ ದನಗಳ ಮೇವು ತುಂಬುತ್ತಿದ್ದ ಕೋಣೆ. ಜೋರು ಗಾಳಿ ಬಿಟ್ಟರೆ ಜಂತೆಯ ಸಂದಿಯಿಂದ ಸಾರಿನೊಳಗೆ ಮೇವಿನ ಚೂರು ಉದುರುತ್ತಿತ್ತು. ಎಲ್ಲ ಕಡೆಯೂ ಒಲೆಯ ಎದುರಿಗೆ ಮಾತ್ರ ತಪ್ಪದೆ ಒಂದು ಗೋಡೆ. ಅಂಥದೊಂದು ಗೋಡೆಯ ಮೇಲೆ ಸುಣ್ಣ ಉದುರಿ ಉದುರಿ ಥೇಟ್ ಒಂಟೆಯ ಆಕಾರ ಮೂಡಿತ್ತು. ರೊಟ್ಟಿ ಬಡಿಯುತ್ತ ನಾನು ಆ ಒಂಟೆಯ ಜೊತೆ ಮಾತಾಡಿದ್ದೂ ಉಂಟು. ಗಂಡನ ಮೇಲಿನ ಎಷ್ಟೋ ಚಾಡಿಯನ್ನು ಅದು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಹಾಗಾಗಿ ನಾವು ಸ್ವಂತ ಸೈಟು ಕೊಂಡಾಗ ಟೈಲ್ಸು, ಕಮಾನು, ಕೆತ್ತನೆಯ ಬಾಗಿಲು ಇವೊಂದನ್ನೂ ನಾನು ಕೇಳಲಿಲ್ಲ. ಒಲೆಯ ಮುಂದೆ ರಸ್ತೆ ಕಾಣುವ ಒಂದು ಕಿಟಕಿ ಬೇಕು, ಅಷ್ಟೇ ಎಂದೆ.

ನನ್ನ ಗಂಡನದು ಬೀಜ, ಗೊಬ್ಬರದ ಅಂಗಡಿ. ಹುಲಿಹೈದರದ ತನಕ ರೈತರ ಪರಿಚಯ. ಅವರೆಲ್ಲ ಬಂದು ಕೂರಲು ಮನೆಯಲ್ಲೊಂದು ಆಫೀಸ್ ರೂಮು ಇರಬೇಕೆಂಬುದು ಅವರ ಬಹಳ ದಿನದ ಆಸೆ. ಕೊಪ್ಪಳ ಜಿಲ್ಲೆಯಾದ ಮೇಲೆ ನಮಗೆ ಎಂಜಿನಿಯರುಗಳೂ ಹತ್ತಿರವಾದರು. ಅದಕ್ಕೆ ಮೊದಲು ಏನು ಬೇಕಾದರೂ ರಾಯಚೂರಿನ ಬಸ್ಸು ಹಿಡಿಯಬೇಕಿತ್ತು. ಕೊಪ್ಪಳದ ಒಬ್ಬ ಎಳೆಯ ಎಂಜಿನಿಯರು ಕಂಪ್ಯೂಟರಿನಲ್ಲಿ ನಕಾಶೆ ತೆಗೆದುಕೊಂಡು ಬಂದ. ನಮ್ಮ ಸೈಟಿನ ಪೂರ್ವಕ್ಕೆ ರಸ್ತೆ. ರಸ್ತೆಗೆ ಹತ್ತಿದ ಒಂದು ಮೂಲೆಯಲ್ಲಿ ಹಾಲ್, ಇನ್ನೊಂದು ಮೂಲೆಯಲ್ಲಿ ನನ್ನ ಗಂಡನ ಆಫೀಸು. ಅಡುಗೆಮನೆ ಎಲ್ಲಿ ಎಂದು ಹುಡುಕಿದರೆ ಹಿಂದುಗಡೆ, ವಾಯವ್ಯದ ಮೂಲೆಯಲ್ಲಿ ಮುದುರಿಕೊಂಡು ಕೂತಿತ್ತು. "ಪೂರ್ವಕ್ಕ ಮುಖ ಮಾಡಿ ಅಡಗಿ ಮಾಡೂ ಹಂಗ ಇಟ್ಟೀನ್ರಿ ಮೇಡಮ್ಮರ" ಎಂದ. ಪೂರ್ವಕ್ಕೆ ಏನಿದೆಯಪ್ಪಾ ಎಂದರೆ ಹಾಲ್‌ನ ಗೋಡೆ! ನನ್ನ ಒಂಟೆ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಕಾದು ನಿಂತ ಹಾಗೆ ಅನಿಸಿತು.

"ರೀ, ಆಫೀಸು ಹಿಂದಕ್ಕ ಹಾಕ್ಕೋರಿ, ಅಡಗಿಮನಿ ಮುಂದ ಬರ್ಲಿ" ಎಂದೆ.

"ರಸ್ತಾದಾಗ ಹೋಗೋರೆಲ್ಲಾ ನಮ್ಮನ್ಯಾಗ ಏನ್ ಪಲ್ಯ ಅಂತ ಇಣಿಕಿ ನೋಡಬೇಕೇನು? ಬಂದ ಮಂದಿ ಏನಂದಾರು?" ಎಂದರು ನನ್ನ ಗಂಡ. ಬಂದ ಮಂದಿ ಏನಂದಾರು ಎಂಬ ಪ್ರಶ್ನೆಗೆ ನಮ್ಮ ಕಡೆ ಇನ್ನೂ ಯಾರೂ ಉತ್ತರ ಕಂಡುಹಿಡಿದಿಲ್ಲ. ಅಷ್ಟರಲ್ಲಿ ಗಂಗಾವತಿಯಿಂದ ಅವರ ಅಕ್ಕ ಬಂದರು. ನಕಾಶೆಯನ್ನು ಉಲ್ಟಾ ಹಿಡಿದು ನೋಡಿ, "ನಾವು ಬಂದ್ರ ಎಲ್ಲಿ ಮಲಕೋಬೇಕೋ?" ಎಂದು ಕೇಳಿದರು. ಮುಂದಿನ ನಕಾಶೆಯಲ್ಲಿ ಅವರಿಗೊಂದು ಕೋಣೆ ಹುಟ್ಟಿತು, ನನ್ನ ಅಡುಗೆಮನೆ ಇನ್ನಷ್ಟು ಬಡವಾಯಿತು. ಹೊಸ ಹಾಳೆ ಬಂದಾಗೆಲ್ಲ ಏನಾದರೊಂದು ದೊಡ್ಡದಾಗುತ್ತಿತ್ತು, ಅದಕ್ಕೆ ಜಾಗ ಕೊಡುತ್ತಿದ್ದದ್ದು ಮಾತ್ರ ನನ್ನ ಅಡುಗೆಮನೆ. ನಾನು ಮುನಿಸಿಕೊಂಡೆ, ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿದೆ. ಅವರು ಬೇಕಾದಷ್ಟು ಉಪ್ಪು ಹಾಕಿಕೊಂಡು ಉಂಡರು.

ಪಾಯ ತೋಡುವ ಮುಂಚೆ ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಎಳೆದು ಮನೆ ಗುರುತು ಹಾಕುತ್ತಾರಲ್ಲ, ಅದನ್ನು ನೋಡಲು ತಳಕಲ್‌ನಿಂದ ಅತ್ತೆ ಬಂದರು. ಮಗನ ಮಾತಿಗೆ ಇವರದೂ ಒಂದು ಸೇರಿದರೆ ನನ್ನ ಕಿಟಕಿಯ ಕಥೆ ಅಲ್ಲಿಗೆ ಮುಗಿಯಿತು. ಅತ್ತೆ ಸುಣ್ಣದ ಗೆರೆಯಲ್ಲಿ ಬಾಗಿಲಿನ ಜಾಗ ಯಾವುದೆಂದು ಕೇಳಿ ತಿಳಿದು, ಅದರ ಹೊರಗೆ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ನನ್ನ ಗಂಡ ಸೀದಾ ಗೆರೆ ದಾಟಿ ಬಂದಾಗ, "ಲೇ ತಮ್ಮಾ, ಗ್ವಾಡ್ಯಾಗ ಹಾಯ್ದು ಬರ್ತೀಯಲ್ಲೋ! ಬಾಗಲಾ ಯಾಕದಾವು?" ಎಂದು ಗದರಿಸಿದರು. ಅವರು ಪೆಚ್ಚಾಗಿ ಹಿಂದೆ ಹೋಗಿ ಬಾಗಿಲಿನಿಂದಲೇ ಬಂದರು. ಆಮೇಲೆ ನಾವೆಲ್ಲರೂ ಹಾಗೇ ನಡೆದಾಡತೊಡಗಿದೆವು. ಹಾಲ್‌ನಲ್ಲಿ ಕೂತು ಬುತ್ತಿ ಬಿಚ್ಚಿ ರೊಟ್ಟಿ, ಎಣಗಾಯಿ ಉಣ್ಣುತ್ತಿದ್ದಾಗ ಅಂಗಡಿಯ ಗಿರಾಕಿಯೊಬ್ಬ ಬಂದ. ಸುತ್ತ ಬಟಾಬಯಲು. ಆದರೂ ಅವನು ಗೆರೆಯ ಹೊರಗೇ ನಿಂತು, "ಒಳಗ ಬರ್ಲೇನ್ರಿ ಸಾವಕಾರ್ರ?" ಎಂದು ಕೇಳಿದ. ಅತ್ತೆಗೆ ಅವನು ಬಹಳ ಸಂಸ್ಕಾರವಂತನಾಗಿ ಕಂಡ.

ಊಟವಾದ ಮೇಲೆ ಅತ್ತೆ ಎದ್ದು ನನ್ನ ಅಡುಗೆಮನೆಗೆ ಹೋದರು. ನಡುವೆ ಕೂತು, ಇಲ್ಲದ ಕೊಣಮಿಗೆಯಲ್ಲಿ ಇಲ್ಲದ ಹಿಟ್ಟು ನಾದಿ, ರೊಟ್ಟಿ ಬಡಿದರು. ಎರಡು ಸಲ ಕೈ ಎತ್ತಿ, "ಮೊಣಕೈ ಗ್ವಾಡಿಗೆ ಬಡಿತೈತಿ" ಎಂದರು. ಆಮೇಲೆ ಪೂರ್ವಕ್ಕೆ ಮುಖ ಮಾಡಿ, ಎದುರಿಗೆ ಗೋಡೆ ಏಳಲಿದ್ದ ಗೆರೆಯನ್ನು ನೋಡಿದರು. ಒಮ್ಮೆ ನನ್ನ ಮುಖ ನೋಡಿದರು. ಅಷ್ಟೇ, ಸೆರಗು ಕೊಡವಿಕೊಂಡು ಎದ್ದು ಮಗನನ್ನು ಕರೆದರು.

"ಒಲಿ ಇರಬೇಕಾದ್ದು ಯಾವ ಮೂಲ್ಯಾಗೋ?"

"ಆಗ್ನೇಯ ಅಂತಾರವಾ. ಆದ್ರ ವಾಯವ್ಯಾನೂ ನಡಿತೈತಂತ."

"ಆಗ್ನೇಯ ಅಂದ್ರ ನಿನ್ನ ಆಫೀಸು ಐತಲ್ಲ, ಅದ ಅಲ್ಲೇನು? ಬೆಂಕಿ ಮೂಲ್ಯಾಗ ಕುಂತು ಗೊಬ್ಬರದ ವ್ಯಾಪಾರ ಮಾಡ್ತೀಯಾ? ಅಂಗಡಿಗೆ ಬೆಂಕಿ ಹತ್ತಲಿ ಅಂತ ಮಾಡೀಯೇನು?"

ನನ್ನ ಗಂಡನ ಮುಖ ಸುಣ್ಣದ ಪುಡಿಯ ಬಣ್ಣಕ್ಕೆ ತಿರುಗಿತು. ಅತ್ತೆ ಅಲ್ಲಿಗೇ ಬಿಡಲಿಲ್ಲ. "ವಾಯವ್ಯ ಅಂದ್ರ ಗಾಳಿ. ಅಲ್ಲಿ ಆಫೀಸು ಹಾಕ್ಕೋ, ಮಾಲು ಗಾಳಿಯಂಗ ಹೋಗ್ತೈತಿ" ಎಂದರು. ಎಂಜಿನಿಯರು, "ಪಾಯ ಇನ್ನೂ ತೋಡಿಲ್ರಿ, ಬದಲಿ ಮಾಡಬಹುದು" ಎಂದ. ವಿಜ್ಞಾನ ಶಿಕ್ಷಕಿಯಾದ ನಾನು ಏನು ಮಾಡಿದೆ? "ಹೌದ್ರಿ, ನನಗೂ ಅದ ಅನ್ನಿಸಿತ್ತು ನೋಡ್ರಿ" ಎಂದೆ. ಅತ್ತೆ ತಮ್ಮ ಕಾಲಿನಿಂದಲೇ ಹಳೆಯ ಗೆರೆಯನ್ನು ಅಳಿಸಿಹಾಕಿದರು.

ಹೊಸ ಮನೆಯಲ್ಲಿ ಮೊದಲ ಸಲ ಆ ಕಿಟಕಿಯ ಮುಂದೆ ನಿಂತು ರೊಟ್ಟಿ ಬಡಿದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಹಾಲಿನವನು ಹೋದ, ಹೂವಿನವಳು ಕೈ ಬೀಸಿದಳು, ಶಾಲೆಗೆ ಹೊರಟ ನನ್ನ ವಿದ್ಯಾರ್ಥಿಗಳು ನನ್ನನ್ನು ಕಂಡು ಓಟ ಕಿತ್ತರು. ಪಕ್ಕದಲ್ಲಿ ಅತ್ತೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ನನಗೆ ಥಟ್ಟನೆ ತಳಕಲ್‌ನ ಮನೆ ನೆನಪಾಯಿತು.

"ಅತ್ತೀ, ತಳಕಲ್ ಮನ್ಯಾಗ ನಿಮ್ಮ ಒಲಿ ಯಾವ ದಿಕ್ಕಿಗಿತ್ರಿ?"

"ಯಾರಿಗೆ ಗೊತ್ತವಾ. ಒಳಗಿನ ಕತ್ತಲಕೋಣ್ಯಾಗ ಇತ್ತು. ಅಲ್ಲಿ ದಿಕ್ಕ ಎಲ್ಲಿ ಕಾಣಬೇಕು?"

"ಮತ್ತ ಆವತ್ತು ಆಗ್ನೇಯ ಅಂದ್ರಲ್ಲ?"

"ಇನ್ನೇನನ್ಲಿ? ಸೊಸಿಗೆ ಕಿಡಕಿ ಬೇಕಂತ ಅಂದಿದ್ರ ನನ್ನ ಮಗ ಕೇಳ್ತಿದ್ನೇನು? ಜಲ್ಮೆಲ್ಲಾ ಗ್ವಾಡಿ ನೋಡಕೊಂತ ರೊಟ್ಟಿ ಬಡ್ದೀನಿ. ನಾನೊಬ್ಬಾಕಿ ನೋಡಿದ್ದು ಸಾಕು ಬಿಡು."

ನನ್ನ ಕೈತುಂಬ ಹಿಟ್ಟಿತ್ತು, ಕಣ್ಣೊರೆಸಿಕೊಳ್ಳಲು ಆಗಲಿಲ್ಲ. ಆ ದಿನದ ರೊಟ್ಟಿಗೆ ಉಪ್ಪು ಬೇಕಿರಲಿಲ್ಲ. ನನ್ನ ತಾಯಿ ಕೂಡ ಬಾಯಿಬಿಟ್ಟು ಕೇಳಿದರೆ ಕೊಡುತ್ತಿದ್ದಳೇ ಹೊರತು, ಹೀಗೆ ಕೇಳದೆ ತಿಳಿದುಕೊಂಡವರು ನನಗೆ ಇವರೊಬ್ಬರೇ. ಆ ಋಣವನ್ನು ನಾನು ಎಂದೂ ಮರೆಯಲಾರೆ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ವರ್ಷವರ್ಷವೂ ಗಾಳಿಯ ಪಾಠ ಹೇಳುವ ನಾನು, ಕಿಟಕಿ ಎಂದರೆ ಅದರಿಂದ ಗಾಳಿಯೂ ಬರುತ್ತದೆಂಬುದನ್ನು ಮರೆತಿದ್ದೆ. ಹಿಂಗಾರಿನ ಮೂಡಣ ಗಾಳಿ ಶುರುವಾಗಿದ್ದೇ ಗ್ಯಾಸಿನ ಉರಿ ಫಕ್ಕನೆ ಆರತೊಡಗಿತು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಬೆಂಕಿಯಿಲ್ಲ. ಕೊನೆಗೆ ಒಲೆಯನ್ನು ಕಟ್ಟೆಯ ಆ ತುದಿಗೆ ಸರಿಸಿದೆ. ಅದರ ಎದುರಿಗೆ ಗೋಡೆ. ಖಾಲಿಯಾದ ಕಿಟಕಿಯ ಮುಂದೆ ಅತ್ತೆ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದಾರೆ. ತಳಕಲ್‌ಗೆ ಹೋಗುವ ಮಾತೇ ಈಗ ಎತ್ತುವುದಿಲ್ಲ, ನಾನೂ ಎತ್ತಗೊಡುವುದಿಲ್ಲ. "ಬ್ಯಾಂಕಿನಾಕಿ ಹೊಸಾ ಸೀರಿ ಉಟ್ಟಾಳ ನೋಡು" ಎನ್ನುತ್ತಾರೆ. ನೋಡಲು ತಿರುಗಿದರೆ ಕಾಣುವುದು ಅವರ ಬೆನ್ನು.

ನಿನ್ನೆ ರೊಟ್ಟಿ ಬಡಿಯುತ್ತ ಎದುರಿನ ಗೋಡೆಯನ್ನು ನೋಡಿದೆ. ಒಗ್ಗರಣೆ ಸಿಡಿದು ಸಿಡಿದು ಒಂದು ಡುಬ್ಬ, ನಾಲ್ಕು ಕಾಲು ಮೂಡುತ್ತಿವೆ.

"ಅತ್ತೀ, ಒಂಟಿ ಬಂದೈತಿ ನೋಡ್ರಿ!" ಎಂದೆ.

ಅವರು ಕಿಟಕಿಯಿಂದ ಇತ್ತ ತಿರುಗಿ, ಕಣ್ಣು ಕಿರಿದು ಮಾಡಿ ಗೋಡೆ ನೋಡಿದರು. "ಒಂಟಿ ಅಲ್ಲ, ಎಮ್ಮಿ ಅದು. ತಳಕಲ್‌ದಾಗ ನನ್ನ ಕೂಡ ಮಾತಾಡ್ತಿತ್ತಲ್ಲ, ಅದ" ಎಂದು ಮತ್ತೆ ರಸ್ತೆಯ ಕಡೆ ತಿರುಗಿದರು.