ಪೈನ್ ಚಕ್ಕೆಯ ಪ್ರತಾಪ

ಒಲೆ ಹಚ್ಚಲು ಒಳ್ಳೇ ಚಕ್ಕೆ ಸಿಕ್ಕಿದೆ ಎಂದು ನಾಲ್ಕು ಜನರ ಮುಂದೆ ಕೊಚ್ಚಿಕೊಂಡವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನು ಹೊಸೂರಿನ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೇನೆ. ಹೊರದೇಶದ ಮಿಷನ್ನುಗಳು ಬರುವುದು ಪೈನ್ ಮರದ ಪೆಟ್ಟಿಗೆಗಳಲ್ಲಿ. ಒಡೆದ ಪೆಟ್ಟಿಗೆಯಲ್ಲಿ ರಾಳ ತುಂಬಿದ ತುಂಡುಗಳಿದ್ದರೆ ಸಾಹೇಬರನ್ನು ಕೇಳಿ ತರುತ್ತೇನೆ. ಒಂದು ಚಕ್ಕೆಗೆ ಕಡ್ಡಿ ಗೀರಿದರೆ ಸಾಕು, ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ.

ಧೂಪ

ನಮ್ಮ ಹಿತ್ತಲ ನೀರೊಲೆಯ ವಾಸನೆ ಪಕ್ಕದ ಮನೆಯ ಅಜ್ಜಿಗೆ ಹಿಡಿಸಿತು.

"ಎಂಥಾ ಗಮ್ಮನ್ನೋ ಸಾಂಬ್ರಾಣಿ ಕಣಪ್ಪಾ! ನಂಗೂ ಒಸಿ ಕೊಡು."

"ಇದು ಒಲೆಗೆ ಅಜ್ಜೀ" ಎಂದರೂ ಕೇಳಲಿಲ್ಲ. ಶುಕ್ರವಾರ ದೇವರ ಮುಂದೆ ಹಚ್ಚಿಯೇಬಿಟ್ಟರು. ಕರೀ ಹೊಗೆ ಎದ್ದು ದೇವರ ಪಟಗಳೆಲ್ಲ ಮಸಿ. ಸಂಜೆ ಅಜ್ಜಿ ಬಂದಾಗ ಬೈಸಿಕೊಳ್ಳಲು ತಯಾರಾಗಿ ನಿಂತೆ.

"ಲಕ್ಷ್ಮಿ ಯಾರು, ಶನಿದೇವ್ರು ಯಾರು ಒಂದೂ ಗೊತ್ತಾಯ್ತಿಲ್ಲ. ಒಸಿ ಬಂದು ನೋಡ್ಹೇಳಪ್ಪಾ" ಎಂದರು.

ಪೈನು

ನಮ್ಮಲ್ಲಿ ಹೊಸದಾಗಿ ಸೇರಿದ ಇಂಜಿನಿಯರ್ ಒಬ್ಬ ಕಾಡಿನಲ್ಲಿ ಬೆಂಕಿ ಹಚ್ಚುವ ವಿಡಿಯೋಗಳನ್ನು ನೋಡಿ ಪಂಡಿತನಾಗಿದ್ದ. ಭಾನುವಾರ ನಾವೆಲ್ಲ ಜವಳಗಿರಿ ಕಾಡಿನ ಕಡೆ ಹೋದಾಗ, "ನಿಮ್ದು ಪೆಟ್ಟಿಗೆ ಮರ ಸಾರ್. ನಾನು ಮರದಿಂದಲೇ ಕೆತ್ಕೊಂಡು ಬರ್ತೀನಿ" ಎಂದು ಸೊಂಟಕ್ಕೆ ಚಾಕು ಸಿಕ್ಕಿಸಿಕೊಂಡು ಹೊರಟ. ಆ ಕಾಡಲ್ಲಿ ಬಿದಿರುಂಟು, ಆನೆಯುಂಟು, ಪೈನ್ ಮಾತ್ರ ಇಲ್ಲ. ಮೇಕೆ ಮೇಯಿಸುತ್ತಿದ್ದ ತಾತನನ್ನು ತಡೆದು ಕೇಳಿದ:

"ತಾತಾ, ಬೆಂಕಿ ಹಚ್ಚಬೇಕು. ಇಲ್ಲಿ ಪೈನ್ ಎಲ್ಲಿ ಸಿಗುತ್ತೆ?"

"ಅದ್ನ ಹುಡುಕ್ಕೊಂಡ್ ಯಾಕಪ್ಪಾ ಹೋಗ್ತೀಯಾ? ನೀನು ಬೆಂಕಿ ಹಚ್ಚು ಸಾಕು. ಫಾರೆಸ್ಟ್‌ನೋರೇ ಬಂದು ಪೈನ್ ಹಾಕ್ತಾರೆ."

ಮಣೆ

ರಾಯಕೋಟೆಯ ನನ್ನ ಮಾವನವರ ತೋಟದಲ್ಲಿ ನೆಂಟರಿಗೆಲ್ಲ ಊಟ. ಹಿಂದಿನ ದಿನದ ಮಳೆಗೆ ಸೌದೆ ನೆನೆದು, ಒಲೆ ಊದಿ ಊದಿ ಮಾವನವರ ಕಣ್ಣು ಕೆಂಪಗಾಗಿತ್ತು.

"ಸರೀರಿ ಮಾವಾ" ಎಂದು ನಾನು ಮಣೆ ಎಳೆದುಕೊಂಡು ಒಲೆಯ ಮುಂದೆ ಕೂತೆ. "ಅತ್ತೇ, ಒಲೆ ಹಚ್ಚೋಕೆ ಅಂತ ಒಂದು ಪೈನ್ ಹಲಗೆ ಕಳಿಸಿದ್ನಲ್ಲ, ತನ್ನಿ!"

ಅತ್ತೆ ಸೆರಗಿನ ತುದಿ ಹಿಡಿದು ನಿಂತರು. "ಹಲಗೆ ಸೆಂದಾಗಿತ್ತು. ಸುಡೋಕೆ ಮನಸ್ಸಾಗ್ದೆ ಮಣೆ ಮಾಡುಸ್ಬುಟ್ಟೆ. ನೀವು ಕೂತಿರೋದೇ ಅದು."

ನೆಂಟರೆಲ್ಲ ನಕ್ಕರು. ಮಾವ ಸೀಮೆಎಣ್ಣೆ ಸುರಿದು ಒಲೆ ಹಚ್ಚಿದರು. ಎದ್ದು ಹೋದರೆ ಇನ್ನೂ ಅವಮಾನವೆಂದು ನಾನು ಅಲ್ಲೇ ಕೂತು ಸೌದೆ ತಳ್ಳುತ್ತಿದ್ದೆ. ಬೆಂಕಿಯ ಕಾವಿಗೆ ಮಣೆಯ ರಾಳ ಕರಗಿದ್ದು ನನಗೇನು ಗೊತ್ತು? ಊಟಕ್ಕೆ ಕರೆದಾಗ ಎದ್ದೆ. ಪಂಚೆಗೆ ಅಂಟಿಕೊಂಡು ಮಣೆಯೂ ಎದ್ದಿತು. ಮಾವ ಮಣೆ ಹಿಡಿದರು, ಭಾವಮೈದ ನನ್ನನ್ನು ಹಿಡಿದ. ನಾನು ಎರಡು ಕೈಯಲ್ಲೂ ಪಂಚೆ ಹಿಡಿದೆ.

ಅಷ್ಟರಲ್ಲಿ ಅತ್ತೆ ಓಡಿ ಬಂದರು. "ಎಳೀಬ್ಯಾಡಿ, ಪಂಚೆ ಹರಿದೋದಾತು! ಊಟಕ್ಕೆ ಹೆಂಗೂ ಮಣೆ ಹಾಕ್ಬೇಕಲ್ಲ, ಅಳಿಯಂದ್ರು ಹಂಗೇ ಬಂದು ಕೂತ್ಕೊಳ್ಳಿ."